ಗಂಡನ ಸಾಲ, ಹೆಂಡತಿಯ ಸಹಿ

ಬ್ಯಾಂಕಿನ ಸಾಲ ವಿಭಾಗದಿಂದ ನಿವೃತ್ತಳಾದ ಮೇಲೂ ಕಾಗದದ ಚೀಲ ಹಿಡಿದು ನನ್ನನ್ನು ಹುಡುಕಿಕೊಂಡು ಬರುವವರು ಕಡಿಮೆಯಾಗಿಲ್ಲ. ರಾಜಾಜಿನಗರದ ನಮ್ಮ ಬೀದಿಯವರು, ಅವರ ನೆಂಟರು, ದೇವಸ್ಥಾನದಲ್ಲಿ ಪರಿಚಯವಾದವರು, ಹೆಚ್ಚಿನವರು ಹೆಂಗಸರು. ಚೀಲದೊಳಗಿನ ನೋಟಿಸು ಯಾವುದೇ ಇರಲಿ, ಕೇಳುವುದು ಒಂದನ್ನೇ: "ನಮ್ಮ ಯಜಮಾನರು ಮಾಡಿದ ಸಾಲವನ್ನು ನಾನು ತೀರಿಸಬೇಕೇ?"

ನಾನು ತಿರುಗಿ ಕೇಳುತ್ತೇನೆ: "ನೀವು ಎಲ್ಲಿಯಾದರೂ ಸಹಿ ಹಾಕಿದ್ದೀರಾ?"

ಇದಕ್ಕೆ ನೇರ ಉತ್ತರ ಸಿಗುವುದು ಅಪರೂಪ. ಹಾಕಿರಬಹುದು ಎನ್ನುತ್ತಾರೆ. ಮನೆ ಕೊಳ್ಳುವಾಗ ಬ್ಯಾಂಕಿಗೆ ಹೋದದ್ದು ನೆನಪಿದೆ, ಪೆನ್ಸಿಲಿನಿಂದ ಗುರುತು ಮಾಡಿದ್ದ ಕಡೆಯಲ್ಲೆಲ್ಲ ಹೆಸರು ಬರೆದದ್ದು ನೆನಪಿದೆ, ಯಾವ ಕಾಗದದ ಮೇಲೆ ಎಂಬುದು ನೆನಪಿಲ್ಲ. ಸಾಲದ ಮೊತ್ತ, ತಿಂಗಳ ಕಂತು, ಬಡ್ಡಿಯ ದರ ಎಲ್ಲವನ್ನೂ ಕರಾರುವಾಕ್ಕಾಗಿ ಹೇಳಬಲ್ಲವರಿಗೂ ಆ ಸಾಲದಲ್ಲಿ ತಾವು ಯಾರು ಎಂಬುದು ಗೊತ್ತಿರುವುದಿಲ್ಲ. ನ್ಯಾಯಾಲಯ ಮೊದಲು ನೋಡುವುದು ಅದನ್ನೇ.

ಮದುವೆಯಾದ ಮಾತ್ರಕ್ಕೆ ಗಂಡನ ಸಾಲ ಹೆಂಡತಿಯ ತಲೆಗೆ ಬರುವುದಿಲ್ಲ. ಹೆಂಡತಿಯ ಸಾಲ ಗಂಡನ ತಲೆಗೂ ಬರುವುದಿಲ್ಲ. ಗೋವಾದಲ್ಲಿ ಪೋರ್ಚುಗೀಸರ ಕಾಲದ ನಾಗರಿಕ ಸಂಹಿತೆ ಇನ್ನೂ ಜಾರಿಯಲ್ಲಿರುವುದರಿಂದ ಅಲ್ಲಿ ಮದುವೆಯೊಂದಿಗೆ ಇಬ್ಬರ ಆಸ್ತಿಯೂ ಒಂದಾಗುವ ಪದ್ಧತಿ ಇದೆ. ಕರ್ನಾಟಕದಲ್ಲಿ ಹಾಗಿಲ್ಲ. ಇಲ್ಲಿ ಅವನ ಹೆಸರಿನ ವೈಯಕ್ತಿಕ ಸಾಲ ಅವನದು, ಅವಳ ಹೆಸರಿನ ಕ್ರೆಡಿಟ್ ಕಾರ್ಡ್ ಬಾಕಿ ಅವಳದು. ಈ ಸರಳ ಸಂಗತಿಯನ್ನು ಹೇಳಿದಾಗ ಎಷ್ಟೋ ಹೆಂಗಸರು ನಂಬುವುದೇ ಇಲ್ಲ. ಸಂಸಾರ ಒಂದೇ ಆದ ಮೇಲೆ ಸಾಲವೂ ಒಂದೇ ತಾನೇ ಎಂಬ ಭಾವನೆ ಅಷ್ಟು ಆಳವಾಗಿ ಬೇರೂರಿದೆ.

ಇದು ಹೊರಗಿನಿಂದ ಬಂದ ಕಾನೂನು, ನಮ್ಮ ಸಂಪ್ರದಾಯ ಬೇರೆಯೇ ಇತ್ತು ಎಂದು ಒಬ್ಬ ಹಿರಿಯರು ನನ್ನೊಂದಿಗೆ ವಾದಿಸಿದರು. ಅವರಿಗೆ ನಾನು ಕಲ್ಯಾಣದ ಕಥೆ ಹೇಳಿದೆ. ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ವ್ಯಾಖ್ಯಾನ ಬರೆದ. ಆ ಸ್ಮೃತಿಯ ಸಾಲದ ಪ್ರಕರಣ ಹೇಳುವುದು ಇಷ್ಟು: ಗಂಡನಾಗಲಿ ಮಗನಾಗಲಿ ಮಾಡಿದ ಸಾಲವನ್ನು ಹೆಂಗಸು ತೀರಿಸಬೇಕಾಗಿಲ್ಲ, ಕುಟುಂಬದ ಸಲುವಾಗಿ ಮಾಡಿದ್ದರ ಹೊರತು. ತೀರಿಸುತ್ತೇನೆಂದು ತಾನು ಒಪ್ಪಿಕೊಂಡದ್ದು, ಗಂಡನ ಜೊತೆ ಸೇರಿ ಮಾಡಿದ್ದು, ತಾನೇ ಸ್ವತಃ ಮಾಡಿದ್ದು, ಇವನ್ನು ಅವಳು ತೀರಿಸಬೇಕು. ಬೇರೆ ಯಾವುದನ್ನೂ ಅವಳಿಂದ ಕೇಳುವಂತಿಲ್ಲ. ಬ್ಯಾಂಕಿನ ಅರ್ಜಿ ನಮೂನೆಯ ಪಕ್ಕದಲ್ಲಿಟ್ಟು ಓದಿದರೆ ಒಪ್ಪಿಕೊಂಡವಳು ಜಾಮೀನುದಾರಳು, ಜೊತೆ ಸೇರಿದವಳು ಸಹಸಾಲಗಾರ್ತಿ, ತಾನೇ ಮಾಡಿದವಳು ಸಾಲಗಾರ್ತಿ. ಸುಮಾರು ಒಂಬೈನೂರು ವರ್ಷಗಳ ಹಿಂದೆಯೇ ಈ ನೆಲದಲ್ಲಿ ಕುಳಿತು ವ್ಯಾಖ್ಯಾನಿಸಿದ ನಿಯಮ ಇಂದಿನ ಕಾನೂನಿಗೆ ಇಷ್ಟು ಹತ್ತಿರದಲ್ಲಿರುವುದನ್ನು ಕಂಡಾಗಲೆಲ್ಲ ನನಗೆ ಬೆರಗಾಗುತ್ತದೆ. ಆ ಹಿರಿಯರು ಮತ್ತೆ ವಾದಿಸಲಿಲ್ಲ. ತಂದೆಯ ಸಾಲ ತೀರಿಸುವುದು ಮಗನ ಧರ್ಮಋಣ ಎಂಬ ಹಳೆಯ ಕಟ್ಟನ್ನೂ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯ್ದೆ ಕಳಚಿಹಾಕಿದೆ.

ಹಾಗಿದ್ದರೆ ಹೆಂಗಸರು ಸಿಕ್ಕಿಬೀಳುವುದು ಎಲ್ಲಿ? ಸಹಿಯಲ್ಲಿ. ಮದುವೆ ಹೊರಿಸದ ಹೊಣೆಯನ್ನು ಪೆನ್ನು ಹೊರಿಸುತ್ತದೆ. ಈ ನಗರದಲ್ಲಿ ಹೆಂಡತಿಯ ಸಹಿ ಪಡೆಯುವ ರೀತಿಯೇ ಅವಳಿಗೆ ಕಾನೂನು ಕೊಟ್ಟಿರುವ ರಕ್ಷಣೆಯನ್ನು ಅವಳಿಗೆ ತಿಳಿಯದಂತೆ ಕಿತ್ತುಕೊಳ್ಳುತ್ತಿದೆ ಎಂಬುದು ನನ್ನ ಬಲವಾದ ನಂಬಿಕೆ.

ಸಾಲದ ಕಾಗದದ ಮೇಲೆ ಸಾಕ್ಷಿಯಾಗಿ ಸಹಿ ಹಾಕಿದವರಿಗೆ ಸಾಲದ ಹೊಣೆ ಇಲ್ಲ. ಸಹಸಾಲಗಾರ್ತಿಯಾಗಿ ಹಾಕಿದರೆ ಇಡೀ ಸಾಲ ನಿಮ್ಮದೂ ಹೌದು. ಅರ್ಧವಲ್ಲ, ಇಡಿಯಾಗಿ. 1872ರ ಭಾರತೀಯ ಕರಾರು ಕಾಯ್ದೆಯ 43ನೆಯ ಕಲಂ ಪ್ರಕಾರ ಜಂಟಿಯಾಗಿ ಮಾತುಕೊಟ್ಟವರಲ್ಲಿ ಯಾರೊಬ್ಬರಿಂದಲಾದರೂ ಪೂರ್ತಿ ವಸೂಲಿ ಮಾಡಬಹುದು. ಆಮೇಲೆ ಇನ್ನೊಬ್ಬರಿಂದ ಅವರ ಪಾಲನ್ನು ಪಡೆದುಕೊಳ್ಳುವುದು ನಿಮ್ಮ ಪಾಡು. ಇನ್ನು ಜಾಮೀನು. ಇಲ್ಲಿಯೇ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು. ಜಾಮೀನು ಎಂದರೆ ಈ ಮನುಷ್ಯ ಒಳ್ಳೆಯವನು ಎಂದು ಹೇಳಿದಂತೆ ಎಂದು ಜನ ಭಾವಿಸುತ್ತಾರೆ. ಅದೇ ಕಾಯ್ದೆಯ 128ನೆಯ ಕಲಂ ಜಾಮೀನುದಾರರ ಹೊಣೆ ಸಾಲಗಾರನ ಹೊಣೆಯಷ್ಟೇ ವ್ಯಾಪ್ತಿಯದು ಎನ್ನುತ್ತದೆ. ಕರಾರಿನಲ್ಲಿ ಬೇರೆ ರೀತಿ ಬರೆದಿದ್ದರೆ ಮಾತ್ರ ವಿನಾಯಿತಿ. ಮೊದಲು ನನ್ನ ಗಂಡನನ್ನು ಹಿಡಿಯಿರಿ, ಅವನಿಂದ ಆಗದಿದ್ದರೆ ನನ್ನ ಬಳಿಗೆ ಬನ್ನಿ ಎಂದು ಜಾಮೀನು ಕೊಟ್ಟ ಹೆಂಡತಿ ಹೇಳುವಂತಿಲ್ಲ. ಬ್ಯಾಂಕ್ ಆಫ್ ಬಿಹಾರ್ ಪ್ರಕರಣದಲ್ಲಿ 1968ರಷ್ಟು ಹಿಂದೆಯೇ ಸುಪ್ರೀಂ ಕೋರ್ಟ್ ಇದನ್ನು ತೀರ್ಮಾನಿಸಿದೆ.

ಶಾಖೆಯಲ್ಲಿ ಇದು ನಡೆಯುವ ಬಗೆಯನ್ನು ಹೇಳಬೇಕು. ಗಂಡ ಮುಂದೆ ಕುಳಿತಿರುತ್ತಾನೆ, ಹೆಂಡತಿ ಪಕ್ಕದಲ್ಲಿ. ಕಾಗದಗಳು ಇಂಗ್ಲಿಷಿನಲ್ಲಿರುತ್ತವೆ. ಅವಳು ಕನ್ನಡದಲ್ಲಿ ಸಹಿ ಮಾಡುವವಳಾದರೆ, ಈ ಕಾಗದಗಳಲ್ಲಿರುವುದನ್ನು ನನಗೆ ಕನ್ನಡದಲ್ಲಿ ಓದಿ ವಿವರಿಸಲಾಗಿದೆ, ಅರ್ಥಮಾಡಿಕೊಂಡು ಸಹಿ ಮಾಡಿದ್ದೇನೆ ಎಂಬ ಘೋಷಣೆಗೂ ಒಂದು ಸಹಿ ಬೀಳುತ್ತದೆ. ಓದಿ ಹೇಳಿದವರು ಯಾರೂ ಇರುವುದಿಲ್ಲ. ನಾನು ವಿವರಿಸಲು ತೊಡಗಿದರೆ ಎಷ್ಟೋ ಗಂಡಂದಿರು "ಅವಳಿಗೆ ಎಲ್ಲ ಗೊತ್ತು ಮೇಡಂ" ಎಂದು ತಡೆಯುತ್ತಿದ್ದರು. ಹೆಂಡತಿ ತಲೆಯಾಡಿಸುತ್ತಿದ್ದಳು. ಅಪರಿಚಿತರ ಮುಂದೆ ಗಂಡನನ್ನು ಪ್ರಶ್ನಿಸಿದಂತೆ ಕಾಣಬಾರದು ಎಂಬ ಸಂಕೋಚವೇ ಆ ತಲೆಯಾಡಿಸುವಿಕೆಯಲ್ಲಿ ಇರುತ್ತಿತ್ತು. ನನಗೆ ಓದಿ ಹೇಳಲಿಲ್ಲ ಎಂದು ವರ್ಷಗಳ ನಂತರ ಅವಳು ನ್ಯಾಯಾಲಯದಲ್ಲಿ ಹೇಳಿದಾಗ ಎದುರು ಪಕ್ಷದ ವಕೀಲರು ತೋರಿಸುವುದು ಅದೇ ಘೋಷಣೆಯನ್ನು. ಅನುಚಿತ ಪ್ರಭಾವ ಬೀರಿ ಸಹಿ ಪಡೆದರೆ ಕರಾರನ್ನು ರದ್ದುಪಡಿಸಲು ಅವಕಾಶವಿದೆ. ಆದರೆ ಪ್ರೀತಿಯಿಂದ ಕೇಳಿ ಪಡೆದ ಸಹಿಯನ್ನು ಒತ್ತಡದ ಸಹಿಯೆಂದು ಸಾಧಿಸುವುದು ಬಹಳ ಕಷ್ಟ.

ಪೀಣ್ಯದ ಸಣ್ಣ ಕಾರ್ಖಾನೆಗಳ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಅತಿ ದೊಡ್ಡ ಮೊತ್ತಗಳು ಮುಳುಗುವುದು ಅಲ್ಲಿ. ಎರಡು ಲೇತ್ ಯಂತ್ರ, ಒಂದು ಮಿಲ್ಲಿಂಗ್ ಯಂತ್ರ ಇಟ್ಟುಕೊಂಡು ದೊಡ್ಡ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಮನುಷ್ಯ ತನ್ನ ಪಾಲುದಾರಿಕೆ ಸಂಸ್ಥೆಯಲ್ಲಿ ಹೆಂಡತಿಯನ್ನು ಪಾಲುದಾರಳನ್ನಾಗಿ ಸೇರಿಸುತ್ತಾನೆ. ಹೆಸರಿಗೆ ಮಾತ್ರ ಎನ್ನುತ್ತಾನೆ, ಅವಳೂ ಹಾಗೆಯೇ ಅಂದುಕೊಳ್ಳುತ್ತಾಳೆ. 1932ರ ಪಾಲುದಾರಿಕೆ ಕಾಯ್ದೆಯಲ್ಲಿ ಹೆಸರಿಗೆ ಮಾತ್ರ ಪಾಲುದಾರಳಾಗಿ ಹೊಣೆಯಿಂದ ಹೊರಗಿರುವ ಅವಕಾಶ ಇಲ್ಲ. ಅವಳು ಪಾಲುದಾರಳಾಗಿದ್ದಾಗ ಸಂಸ್ಥೆ ಮಾಡಿದ ವ್ಯವಹಾರಗಳಿಗೆಲ್ಲ 25ನೆಯ ಕಲಂ ಪ್ರಕಾರ ಪ್ರತಿಯೊಬ್ಬ ಪಾಲುದಾರರೂ ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಹೊಣೆ. ಯಂತ್ರದ ಸದ್ದನ್ನೇ ಕೇಳದವಳ ಸ್ವಂತ ನಿವೇಶನ, ಅವಳ ತವರಿನವರು ಕೊಟ್ಟದ್ದಾದರೂ, ವಸೂಲಿಯ ವ್ಯಾಪ್ತಿಗೆ ಬರುತ್ತದೆ.

ಸಂಸ್ಥೆಯನ್ನು ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿದರೆ ನಿರ್ದೇಶಕಿಯಾದ ಮಾತ್ರಕ್ಕೆ ಈ ಅಪಾಯ ಇಲ್ಲ. ಆದರೆ ಬ್ಯಾಂಕು ಆಗ ವೈಯಕ್ತಿಕ ಜಾಮೀನು ಕೇಳುತ್ತದೆ, ಮತ್ತೆ ಅದೇ ಸಹಿ. ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ಕೊಟ್ಟವರನ್ನು ದಿವಾಳಿ ಸಂಹಿತೆಯಡಿ ತರುವ ನಿಯಮಗಳು 2019ರ ಡಿಸೆಂಬರ್‌ನಿಂದ ಜಾರಿಯಲ್ಲಿವೆ. ಅದನ್ನು 2021ರಲ್ಲಿ ಲಲಿತ್ ಕುಮಾರ್ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಚೀಟಿ ವ್ಯವಹಾರದಲ್ಲೂ ಇದೇ ಕಥೆ. ಗಂಡ ಚೀಟಿ ಎತ್ತುತ್ತಾನೆ, ಸರ್ಕಾರಿ ಶಾಲೆಯ ಶಿಕ್ಷಕಿಯಾದ ಹೆಂಡತಿಯ ಸಂಬಳದ ಚೀಟಿಯನ್ನು ಲಗತ್ತಿಸಿ ಜಾಮೀನು ಹಾಕಿಸುತ್ತಾನೆ. ಅವನು ಕಟ್ಟುವುದನ್ನು ನಿಲ್ಲಿಸಿದರೆ ಕೈಹಾಕುವುದು ಅವಳ ಸಂಬಳಕ್ಕೆ.

ಈಗಿನ ಹುಡುಗಿಯರು ಓದಿದವರು, ಅವರಿಗೆ ಇದೆಲ್ಲ ಆಗುವುದಿಲ್ಲ ಎಂದು ನಾನು ಒಂದು ಕಾಲಕ್ಕೆ ಆಸೆಪಟ್ಟಿದ್ದೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯಲ್ಲಿ ದುಡಿಯುವ ಹೆಣ್ಣುಮಕ್ಕಳು ಬಂದು ಕೂರುವಾಗ ನನಗೆ ಹೆಚ್ಚು ಸಂಕಟವಾಗುತ್ತದೆ. ಅವರ ಸಂಬಳದ ಖಾತೆ ಚೊಕ್ಕವಾಗಿದೆ, ಸಾಲ ತೀರಿಸುವ ಶಿಸ್ತನ್ನು ಅಳೆಯುವ ಸಿಬಿಲ್ ಅಂಕ ಚೆನ್ನಾಗಿದೆ, ಮೊಬೈಲಿನಲ್ಲಿ ಕೆಲವೇ ನಿಮಿಷಗಳಲ್ಲಿ ವೈಯಕ್ತಿಕ ಸಾಲ ಮಂಜೂರಾಗುತ್ತದೆ. ಗಂಡನ ಹೊಸ ವ್ಯಾಪಾರಕ್ಕೆ, ಮೈದುನನ ಮದುವೆಗೆ, ಅತ್ತೆಮನೆಯ ಹಳೆಯ ಕೈಸಾಲಕ್ಕೆ ಆ ಹಣ ಹೋಗುತ್ತದೆ. ಸಾಲ ಮಾತ್ರ ಅವಳ ಒಬ್ಬಳ ಹೆಸರಿನಲ್ಲಿದೆ. ಇಲ್ಲಿ ಸಹಸಾಲಗಾರನೂ ಇಲ್ಲ, ಜಾಮೀನೂ ಇಲ್ಲ. ಸಂಸಾರ ಮುರಿದಾಗ ಬ್ಯಾಂಕಿನ ಮುಂದೆ ಅವಳು ಹಣ ಯಾರಿಗಾಗಿ ಪಡೆದೆ ಎಂಬುದನ್ನು ಎಷ್ಟು ಹೇಳಿದರೂ ಕಂತು ಅವಳದೇ. ಕ್ರೆಡಿಟ್ ಕಾರ್ಡಿನದೂ ಹಾಗೆಯೇ. ಮುಖ್ಯ ಕಾರ್ಡು ಅವಳದು, ಆ್ಯಡ್-ಆನ್ ಕಾರ್ಡು ಅವನದು ಎಂದಿದ್ದರೆ ಅವನು ಉಜ್ಜಿದ ಪ್ರತಿ ರೂಪಾಯಿಗೂ ಮುಖ್ಯ ಕಾರ್ಡುದಾರಳೇ ಹೊಣೆ. ರಿಸರ್ವ್ ಬ್ಯಾಂಕಿನ ನಿರ್ದೇಶನದಲ್ಲಿಯೇ ಹಾಗಿದೆ. ಇಂಥ ಹಣವನ್ನು ಗಂಡನ ಅಥವಾ ಅತ್ತೆಮನೆಯವರ ಖಾತೆಗೆ ಕೊಡುವಾಗ ಬ್ಯಾಂಕಿನ ಮೂಲಕವೇ ಕೊಡಿ, ಯಾತಕ್ಕೆ ಎಂದು ಬರೆದಿಡಿ ಎಂದು ನಾನು ಬೇಡಿಕೊಳ್ಳುತ್ತೇನೆ. ಮುಂದೊಂದು ದಿನ ಅದನ್ನು ಅವನಿಂದ ಕೇಳಬೇಕಾಗಿ ಬಂದರೆ ಕೈಯಲ್ಲಿರುವ ಆಧಾರ ಅದೊಂದೇ.

ಮನೆ ಸಾಲದಲ್ಲಿ ಹೆಂಡತಿಯ ಹೆಸರು ಸೇರಿಸುವುದಕ್ಕೆ ಒಳ್ಳೆಯ ಕಾರಣಗಳಿವೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಇಬ್ಬರ ಸಂಬಳ ಸೇರಿದರೆ ಹೆಚ್ಚು ಸಾಲ ಸಿಗುತ್ತದೆ. ಕೆಲವು ಬ್ಯಾಂಕುಗಳು ಮಹಿಳೆಯರಿಗೆ ಬಡ್ಡಿಯಲ್ಲಿ ಅಲ್ಪ ರಿಯಾಯಿತಿ ಕೊಡುತ್ತವೆ. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ತಾವು ವಾಸಿಸುವ ಮನೆಯ ಸಾಲದ ಬಡ್ಡಿಗೆ ಇಬ್ಬರೂ ತಲಾ 2 ಲಕ್ಷ ರೂಪಾಯಿವರೆಗೆ ಕಡಿತ ಪಡೆಯಬಹುದು. ಆದರೆ ಆ ಕಡಿತಕ್ಕೆ ಅವಳು ಮನೆಯ ಒಡತಿಯೂ ಆಗಿರಬೇಕು. ಸಾಲದಲ್ಲಿ ಹೆಸರಿದ್ದು ಕ್ರಯಪತ್ರದಲ್ಲಿ ಹೆಸರಿಲ್ಲದ ಹೆಂಗಸರನ್ನು ನಾನು ಬಹಳ ಕಂಡಿದ್ದೇನೆ. ಹೊಣೆ ಅವಳದು, ಮನೆ ಅವನದು. ಸಾಲದ ಅರ್ಜಿಗೆ ಸಹಿ ಹಾಕುವ ಮೊದಲು ಕ್ರಯಪತ್ರದ ಕರಡನ್ನು ತರಿಸಿ ನೋಡಿ ಎಂದು ಪ್ರತಿಯೊಬ್ಬರಿಗೂ ಹೇಳುತ್ತೇನೆ.

ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿರುವ ಕುಟುಂಬ ನ್ಯಾಯಾಲಯದಲ್ಲಿ ವಿಚ್ಛೇದನದ ಒಪ್ಪಂದ ಆಗುವಾಗ ಫ್ಲ್ಯಾಟು ಅವನಿಗೆ, ಕಂತೂ ಅವನಿಗೆ ಎಂದು ಬರೆದುಕೊಂಡು ನಿಟ್ಟುಸಿರು ಬಿಡುತ್ತಾರೆ. ಆ ಒಪ್ಪಂದದಲ್ಲಿ ಬ್ಯಾಂಕು ಪಕ್ಷಗಾರನಲ್ಲ. ಬ್ಯಾಂಕಿನ ದಾಖಲೆಯಲ್ಲಿ ಅವಳು ಸಹಸಾಲಗಾರ್ತಿಯಾಗಿಯೇ ಉಳಿದಿರುತ್ತಾಳೆ. ಅವನು ಕಂತು ತಪ್ಪಿಸಿದರೆ ಅವಳ ಸಿಬಿಲ್ ವರದಿಯಲ್ಲೂ ಅದು ಬೀಳುತ್ತದೆ, ಅವಳು ತನ್ನದೇ ಒಂದು ಪುಟ್ಟ ಮನೆಗೆ ಸಾಲ ಕೇಳಲು ಹೋದಾಗ ಹಳೆಯ ಮನೆ ಅಡ್ಡ ನಿಲ್ಲುತ್ತದೆ. ಸಾಲವನ್ನು ಅವನೊಬ್ಬನ ಹೆಸರಿಗೆ ಬದಲಿಸಿ ಬ್ಯಾಂಕು ಲಿಖಿತವಾಗಿ ಕೊಟ್ಟ ಮೇಲೆಯೇ ಒಪ್ಪಂದ ಮುಗಿಯಿತು ಎನ್ನಬೇಕು. ಅವನೊಬ್ಬನ ಸಂಬಳ ಸಾಲದು ಎಂದು ಬ್ಯಾಂಕು ನಿರಾಕರಿಸುವುದೂ ಉಂಟು. ಆಗ ಮನೆ ಮಾರಿ ಸಾಲ ತೀರಿಸುವುದೇ ಇಬ್ಬರಿಗೂ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಚೆಕ್ಕಿನ ವಿಷಯದಲ್ಲಿ ಹೆದರಿಸುವವರು ಬಹಳ. ಜಂಟಿ ಖಾತೆಯ ಚೆಕ್ಕು ಬೌನ್ಸ್ ಆದರೆ ನಿಮ್ಮನ್ನೂ ಜೈಲಿಗೆ ಹಾಕಿಸುತ್ತೇವೆ ಎನ್ನುತ್ತಾರೆ. ಸಹಿ ಹಾಕದ ಜಂಟಿ ಖಾತೆದಾರಳ ಮೇಲೆ ಆ ಮೊಕದ್ದಮೆ ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಅಪರ್ಣಾ ಶಾ ಪ್ರಕರಣದಲ್ಲಿ ಹೇಳಿತು. ಅಲ್ಲಿ ಚೆಕ್ಕಿಗೆ ಸಹಿ ಹಾಕಿದವನು ಗಂಡ, ಆರೋಪಿಯಾಗಿ ನಿಂತವಳು ಹೆಂಡತಿ. 2021ರಲ್ಲಿ ಮತ್ತೊಂದು ಪ್ರಕರಣದಲ್ಲಿ ಅದನ್ನೇ ಪುನಃ ಸ್ಪಷ್ಟಪಡಿಸಿತು.

ಗಂಡಂದಿರಿಗೂ ಒಂದು ಎಚ್ಚರಿಕೆ ಸಲ್ಲಬೇಕು. 2025ರ ಫೆಬ್ರುವರಿಯಲ್ಲಿ ಷೇರು ದಲ್ಲಾಳಿ ಸಂಸ್ಥೆಯೊಂದರ ಪ್ರಕರಣದಲ್ಲಿ, ಹೆಂಡತಿಯ ಷೇರು ಖಾತೆಯ ಬಾಕಿಗೆ ಗಂಡನೂ ಹೊಣೆ ಎಂಬ ಮಧ್ಯಸ್ಥಿಕೆ ತೀರ್ಪನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಇಬ್ಬರ ಖಾತೆಗಳು ಬೇರೆಬೇರೆ ಇದ್ದರೂ ಜಂಟಿ ಹೊಣೆಯ ಬಾಯಿಮಾತಿನ ಒಪ್ಪಂದ ಇತ್ತು ಎಂಬುದು ಅಲ್ಲಿ ಮುಖ್ಯವಾಯಿತು. ಬಾಯಿಮಾತಿಗೂ ತೂಕವಿದೆ ಎಂಬುದನ್ನು ಸಾಲ ಕೊಡುವವರ ಮುಂದೆ ಧೈರ್ಯ ತುಂಬಲು "ನಾನಿದ್ದೇನಲ್ಲ" ಎನ್ನುವವರು ನೆನಪಿಡಬೇಕು.

ಗಂಡ ತೀರಿಕೊಂಡಾಗ ನಡೆಯುವುದನ್ನು ಹೇಳಲು ಮನಸ್ಸು ಭಾರವಾಗುತ್ತದೆ. ವೈಕುಂಠ ಸಮಾರಾಧನೆ ಮುಗಿಯುವುದಕ್ಕೂ ಬಿಡದೆ ಕರೆಗಳು ಬರುತ್ತವೆ. ಕಟ್ಟುವುದು ನಿಮ್ಮ ಧರ್ಮ, ಅವರ ಆತ್ಮಕ್ಕೆ ಶಾಂತಿ ಸಿಗಬೇಡವೇ ಎಂದು ಕೇಳುವ ವಸೂಲಿಗಾರರಿದ್ದಾರೆ. ದುಃಖದಲ್ಲಿರುವ ಹೆಂಗಸು ಬಳೆ ಮಾರಿ ಕಟ್ಟುತ್ತಾಳೆ. ಅವಳು ಸಹಿ ಹಾಕದ ಸಾಲವಾಗಿದ್ದರೆ ಅವಳ ಹೊಣೆ, ಗಂಡನಿಂದ ಅವಳಿಗೆ ಬಂದ ಆಸ್ತಿಯ ಮಿತಿಯೊಳಗೆ ಮಾತ್ರ. ಸಿವಿಲ್ ಪ್ರಕ್ರಿಯಾ ಸಂಹಿತೆಯ 50 ಮತ್ತು 52ನೆಯ ಕಲಂಗಳು ಇದನ್ನು ಹೇಳುತ್ತವೆ. ಅವನು ಏನನ್ನೂ ಬಿಟ್ಟುಹೋಗದಿದ್ದರೆ ಅವಳು ಏನನ್ನೂ ಕಟ್ಟಬೇಕಾಗಿಲ್ಲ. ಅವಳ ಸ್ವಂತ ದುಡಿಮೆಯ ಹಣ, ಅವಳ ಸ್ತ್ರೀಧನ ಅವಳದೇ.

ಇನ್ನೂ ಒಂದು ಸಂಗತಿ ಬಹಳ ಮಂದಿಗೆ ತಿಳಿದಿಲ್ಲ. ಭವಿಷ್ಯ ನಿಧಿಯ ಕಾನೂನಿನ ಪ್ರಕಾರ ಸದಸ್ಯ ತೀರಿಕೊಂಡ ಮೇಲೆ ನಾಮಿನಿಗೆ ಬರುವ ಪಿಎಫ್ ಹಣ ಅವನ ಸಾಲಗಳಿಂದ ಮುಕ್ತವಾಗಿಯೇ ಬರುತ್ತದೆ. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಎಂದು ಆರಂಭದಲ್ಲೇ ನಮೂದಿಸಿ ಗಂಡ ಜೀವ ವಿಮೆ ಮಾಡಿಸಿದ್ದರೆ ಆ ಹಣಕ್ಕೂ ಸಾಲ ಕೊಟ್ಟವರು ಕೈಹಾಕುವಂತಿಲ್ಲ, ಅವರನ್ನು ವಂಚಿಸುವ ಉದ್ದೇಶದಿಂದಲೇ ಮಾಡಿಸಿದ್ದೆಂದು ಸಾಬೀತಾದರೆ ಮಾತ್ರ ಬೇರೆ ಮಾತು. ಪ್ರಸ್ತಾವನೆ ತುಂಬುವಾಗ ಒಂದು ಪುಟ ಹೆಚ್ಚು ಬರೆಯಬೇಕು, ಅಷ್ಟೇ. ವ್ಯಾಪಾರ ಮಾಡುವ, ಸಾಲ ಹೊತ್ತಿರುವ ಪ್ರತಿಯೊಬ್ಬ ಗಂಡಸೂ ಇದನ್ನು ಮಾಡಿಸಬೇಕು.

ಅವಳು ಸಹಿ ಹಾಕಿದ ಸಾಲದಲ್ಲೂ ಮರ್ಯಾದೆಗೆ ಒಂದು ಗಡಿ ಇದೆ. ಹಣ ಕಟ್ಟಬೇಕೆಂಬ ನ್ಯಾಯಾಲಯದ ಡಿಕ್ರಿಯ ಜಾರಿಗಾಗಿ ಹೆಂಗಸನ್ನು ಬಂಧಿಸುವಂತಿಲ್ಲ. ಅದು ಸಿವಿಲ್ ಪ್ರಕ್ರಿಯಾ ಸಂಹಿತೆಯ 56ನೆಯ ಕಲಂ. ತೊಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಧಾರ್ಮಿಕ ಪದ್ಧತಿಯಂತೆ ಹೆಂಗಸು ಮೈಮೇಲಿಂದ ತೆಗೆಯಲಾಗದ ಒಡವೆ, ಇವನ್ನು ಜಪ್ತಿ ಮಾಡುವಂತಿಲ್ಲ ಎನ್ನುತ್ತದೆ 60ನೆಯ ಕಲಂ. ತಾಳಿಯನ್ನೂ ಬಿಡುವುದಿಲ್ಲ ಎಂದು ಗದರಿಸುವವನಿಗೆ ಈ ಕಲಂ ಓದಿ ಹೇಳಿ. ಬ್ಯಾಂಕಿನ ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ, ಮನೆಯವರನ್ನು ಅವಮಾನಿಸುವಂತಿಲ್ಲ. ಪರವಾನಗಿ ಇಲ್ಲದ ಲೇವಾದೇವಿಗಾರರ ಕಿರುಕುಳಕ್ಕೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸುವ ಸುಗ್ರೀವಾಜ್ಞೆಯನ್ನು ನಮ್ಮ ರಾಜ್ಯ 2025ರ ಫೆಬ್ರುವರಿಯಲ್ಲಿ ತಂದಿತು.

ಒಡವೆಯ ಮಾತು ಬಂತು. ಹೆಂಡತಿಯ ಚಿನ್ನವನ್ನು ಗಂಡ ತನ್ನ ಹೆಸರಿನಲ್ಲಿ ಅಡವಿಡುವುದು ನಮ್ಮಲ್ಲಿ ಎಷ್ಟು ಸಾಮಾನ್ಯವೆಂದರೆ ಅದನ್ನು ಯಾರೂ ಸಾಲವೆಂದೇ ಎಣಿಸುವುದಿಲ್ಲ. ಬರಗಾಲ, ಧರ್ಮಕಾರ್ಯ, ಕಾಯಿಲೆ, ಸೆರೆ, ಇಂಥ ಸಂಕಟದಲ್ಲಿ ಗಂಡ ಬಳಸಿದ ಸ್ತ್ರೀಧನವನ್ನು ಹಿಂದಿರುಗಿಸಬೇಕಾಗಿಲ್ಲ ಎಂದು ಯಾಜ್ಞವಲ್ಕ್ಯ ಸ್ಮೃತಿ ಹೇಳುತ್ತದೆ. ಈ ಕಾಲದ ನ್ಯಾಯಾಲಯ ಹೆಂಡತಿಯ ಪರವಾಗಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. 2024ರ ಏಪ್ರಿಲ್‌ನಲ್ಲಿ ಕೇರಳದ ದಂಪತಿಯ ಪ್ರಕರಣದಲ್ಲಿ, 89 ಪವನ್ ಚಿನ್ನವನ್ನು ಹಳೆಯ ಸಾಲಗಳಿಗೆ ಕರಗಿಸಿದ ಗಂಡ ಹೆಂಡತಿಗೆ 25 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಸ್ತ್ರೀಧನ ಜಂಟಿ ಆಸ್ತಿಯಲ್ಲ, ಸಂಕಟಕ್ಕೆ ಬಳಸಿಕೊಂಡರೂ ಅದನ್ನು ಹಿಂದಿರುಗಿಸುವ ನೈತಿಕ ಹೊಣೆ ಗಂಡನಿಗಿದೆ ಎಂದು ಅಲ್ಲಿ ಹೇಳಲಾಯಿತು. ಅಡವಿಡಲೇಬೇಕಾದರೆ ನಿಮ್ಮ ಹೆಸರಿನಲ್ಲೇ ಇಡಿ. ಬಿಡಿಸಿಕೊಳ್ಳುವ ಹಕ್ಕಾದರೂ ನಿಮ್ಮ ಕೈಯಲ್ಲಿರಲಿ.

ಈಗಾಗಲೇ ಸಹಿ ಹಾಕಿ ಆಗಿದ್ದರೆ ಮೊದಲು ಸಿಬಿಲ್ ವರದಿಯನ್ನು ತರಿಸಿಕೊಳ್ಳಿ. ವರ್ಷಕ್ಕೊಮ್ಮೆ ಪೂರ್ಣ ವರದಿ ಉಚಿತ. ನೀವು ಯಾವ ಸಾಲದಲ್ಲಿ ಯಾರಾಗಿದ್ದೀರಿ ಎಂಬುದು ಅಲ್ಲಿ ಕಾಣುತ್ತದೆ. ಗಂಡನ ವ್ಯಾಪಾರದ ಓವರ್‌ಡ್ರಾಫ್ಟಿನಂಥ ಮುಂದುವರಿಯುವ ಸಾಲಕ್ಕೆ ಜಾಮೀನು ಕೊಟ್ಟಿದ್ದರೆ, ಇನ್ನು ಮುಂದಿನ ವ್ಯವಹಾರಕ್ಕೆ ನನ್ನ ಜಾಮೀನು ಇಲ್ಲ ಎಂದು ಬ್ಯಾಂಕಿಗೆ ನೋಟಿಸು ಕೊಡಲು ಕರಾರು ಕಾಯ್ದೆಯ 130ನೆಯ ಕಲಂ ಅವಕಾಶ ಕೊಡುತ್ತದೆ. ಹಿಂದಿನ ಬಾಕಿ ಉಳಿಯುತ್ತದೆ, ಬೆಳೆಯುವುದು ನಿಲ್ಲುತ್ತದೆ. ಜಾಮೀನು ಪತ್ರದಲ್ಲಿ ಈ ಹಕ್ಕನ್ನು ಬಿಟ್ಟುಕೊಟ್ಟಂತೆ ಬರೆಸಿಕೊಂಡಿರುವುದೂ ಉಂಟು; ಹಾಗಾಗಿ ವಕೀಲರಿಗೆ ತೋರಿಸಿಯೇ ನೋಟಿಸು ಕೊಡಿ.

ಇನ್ನೂ ಸಹಿ ಹಾಕದಿರುವವರಿಗೆ ಒಂದು ಹೊಸ ಆಸರೆ ಇದೆ. 2024ರ ಅಕ್ಟೋಬರ್ 1ರಿಂದ ಮನೆ ಸಾಲ, ವಾಹನ ಸಾಲ, ಸಣ್ಣ ಉದ್ಯಮದ ಅವಧಿ ಸಾಲ ಎಲ್ಲಕ್ಕೂ ಸಾಲದ ಮುಖ್ಯಾಂಶಗಳ ಹಾಳೆಯನ್ನು ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿದೆ. ಅದು ಸಾಲ ಪಡೆಯುವವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಅದನ್ನು ವಿವರಿಸಿ ಹೇಳಬೇಕು. ಏಳು ದಿನ ಅಥವಾ ಹೆಚ್ಚಿನ ಅವಧಿಯ ಸಾಲವಾದರೆ ಆ ಹಾಳೆ ಕೊಟ್ಟ ಮೇಲೆ ಕನಿಷ್ಠ ಮೂರು ಕೆಲಸದ ದಿನ ಆ ಷರತ್ತುಗಳು ಬದಲಾಗುವಂತಿಲ್ಲ. ಇವತ್ತೇ ಸಹಿ ಆಗಬೇಕು, ಇಲ್ಲದಿದ್ದರೆ ಈ ಬಡ್ಡಿ ಸಿಗುವುದಿಲ್ಲ ಎಂಬ ಅವಸರಕ್ಕೆ ಆ ಮೂರು ದಿನ ಉತ್ತರ. ಕನ್ನಡದ ಹಾಳೆಯನ್ನು ಕೇಳಿ ಪಡೆಯಿರಿ, ನಿಮ್ಮ ಹೆಸರಿನ ಮುಂದೆ ಸಹಸಾಲಗಾರ್ತಿ ಎಂದಿದೆಯೋ ಜಾಮೀನುದಾರಳು ಎಂದಿದೆಯೋ ಎಂದು ಅಧಿಕಾರಿಯನ್ನು ಕೇಳಿ, ಕಾಗದಗಳನ್ನು ಮನೆಗೆ ತನ್ನಿ. ಓದಿಕೊಡುವವರು ಬೇಕಾದರೆ ನಮ್ಮ ಬೀದಿಯವರು ಈಗ ಬರುವಂತೆ ಬನ್ನಿ, ಸಹಿ ಹಾಕುವ ಮೊದಲೇ ಬನ್ನಿ.